ದಪ್ಪ ಮೊಲಕ್ಕೆ ಉಪವಾಸ ಮದ್ದಲ್ಲ

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಹೆಣ್ಣು ಮೊಲವಿದೆ. ಹೆಸರು ಬೆಳ್ಳಿ. ವರ್ಷ ತುಂಬಿದಾಗ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಆಗ ತೂಕ 2.1 ಕೆ.ಜಿ. ಇತ್ತು. ಈಗ 2.9 ಕೆ.ಜಿ. ಆಗಿದೆ. ಪೆಲೆಟ್ ಬಟ್ಟಲು ಖಾಲಿಯಾದಾಗಲೆಲ್ಲ ತುಂಬಿಸುತ್ತೇವೆ. ಬೆಳಿಗ್ಗೆ ಒಂದು ಕ್ಯಾರೆಟ್, ಸಂಜೆ ಎರಡು ತುಂಡು ಬಾಳೆಹಣ್ಣು ಕೊಡುತ್ತೇವೆ. ಒಣಹುಲ್ಲು ಹಾಕಿದರೆ ಮೂಸಿ ಬಿಟ್ಟುಬಿಡುತ್ತದೆ. ಹೆಚ್ಚು ಹೊತ್ತು ಪಂಜರದಲ್ಲೇ ಇರುತ್ತದೆ. ಹೊರಗೆ ಬಿಟ್ಟರೂ ಒಂದು ಮೂಲೆಯಲ್ಲಿ ಮಲಗುತ್ತದೆ. ಇತ್ತೀಚೆಗೆ ಹಿಂಭಾಗದಲ್ಲಿ ಮೆತ್ತನೆಯ ಹಿಕ್ಕೆ ಅಂಟಿಕೊಂಡು ವಾಸನೆ ಬರುತ್ತಿದೆ. ತೂಕ ಇಳಿಸಬೇಕು ಎಂದು ವೈದ್ಯರು ಹೇಳಿದರು, ಹೇಗೆ ಎಂದು ಬಿಡಿಸಿ ಹೇಳಲಿಲ್ಲ. ವಾರಕ್ಕೊಂದು ದಿನ ಏನೂ ಕೊಡದೆ ಇಡಿ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ? ತೂಕ ಇಳಿಯಲು ಎಷ್ಟು ದಿನ ಬೇಕು?

ಉತ್ತರ: ಉಪವಾಸದ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದ ವಿಷಯಗಳಿಗೆ ಸಮಯವಿದೆ, ಇದಕ್ಕಿಲ್ಲ. ಬೇಡ. ಇಡೀ ದಿನದ ಮಾತು ಹಾಗಿರಲಿ, ಒಂದು ಹೊತ್ತಿನ ಉಪವಾಸವೂ ಬೇಡ. ನಾಯಿಗೆ ಒಂದು ಊಟ ತಪ್ಪಿದರೆ ಮುಖ ಸಪ್ಪಗೆ ಮಾಡಿಕೊಂಡು ಬಾಗಿಲ ಬಳಿ ಮಲಗುತ್ತದೆ, ಅಷ್ಟೆ. ಮೊಲದ ಕರುಳು ಹಗಲೂ ರಾತ್ರಿಯೂ ಕೆಲಸ ಮಾಡುತ್ತಲೇ ಇರಬೇಕು, ಮತ್ತು ಮೇಲಿನಿಂದ ನಾರು ಬರುತ್ತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಬರುವುದು ನಿಂತರೆ ಕರುಳಿನ ಚಲನೆ ಕುಂಟುತ್ತದೆ, ಒಳಗಿರುವುದು ಒಣಗಿ ಗಟ್ಟಿಯಾಗುತ್ತದೆ, ಗಾಳಿ ತುಂಬುತ್ತದೆ. ಆ ನೋವಿಗೆ ಮೊಲ ಇನ್ನಷ್ಟು ಆಹಾರ ಬಿಡುತ್ತದೆ. ದಪ್ಪಗಿರುವ ಮೊಲದಲ್ಲಿ ಇದರ ಜೊತೆ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಆಹಾರ ಸಿಗದಾಗ ದೇಹ ತಾನು ಕೂಡಿಟ್ಟ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಅದೆಲ್ಲ ಒಮ್ಮೆಲೇ ಯಕೃತ್ತಿಗೆ ಬಂದು ಬೀಳುತ್ತದೆ. ಅಷ್ಟನ್ನು ಅರಗಿಸಲಾಗದೆ ಯಕೃತ್ತಿನ ಜೀವಕೋಶಗಳಲ್ಲೇ ಕೊಬ್ಬು ತುಂಬಿಕೊಂಡು, ಕೊನೆಗೆ ಯಕೃತ್ತೇ ಕೈಕೊಡುತ್ತದೆ. ಯಾವ ಮೊಲ ಉಪವಾಸವಿದ್ದರೆ ಒಳ್ಳೆಯದೆಂದು ನಿಮ್ಮ ಪರಿಚಯದವರಿಗೆ ಅನ್ನಿಸುತ್ತಿದೆಯೋ, ಉಪವಾಸವನ್ನು ಎಲ್ಲಕ್ಕಿಂತ ಕಡಿಮೆ ತಾಳಿಕೊಳ್ಳುವುದು ಅದೇ ಮೊಲ.

ಹಾಗಾದರೆ ತೂಕ ಇಳಿಯುವುದು ಹೇಗೆ? ಕೇಳಲು ವಿಚಿತ್ರವೆನಿಸಬಹುದು, ಆದರೂ ಹೇಳುತ್ತೇನೆ: ಬೆಳ್ಳಿ ಈಗ ತಿನ್ನುವುದಕ್ಕಿಂತ ಹೆಚ್ಚು ಹೊತ್ತು ತಿನ್ನಬೇಕು. ತಿನ್ನುವ ವಸ್ತು ಬದಲಾಗಬೇಕು. ಸಾರ ಕಡಿಮೆ, ನಾರು ಹೆಚ್ಚು ಇರುವ ಹುಲ್ಲನ್ನು ದಿನದಲ್ಲಿ ಆರೆಂಟು ಗಂಟೆ ಮೇಯ್ದು, ಅದರಿಂದ ದಕ್ಕುವ ಅಲ್ಪಸ್ವಲ್ಪದಲ್ಲೇ ಬದುಕುವಂತೆ ಮೊಲದ ಹಲ್ಲೂ ಕರುಳೂ ರೂಪುಗೊಂಡಿವೆ. ಪೆಲೆಟ್ ಎಂದರೆ ಹುಲ್ಲು, ಧಾನ್ಯ, ಹಿಂಡಿಗಳನ್ನು ಪುಡಿ ಮಾಡಿ ಒತ್ತಿದ ಸಾಂದ್ರ ಆಹಾರ. ಗಂಟೆಗಟ್ಟಲೆ ಮೇಯ್ದು ಗಳಿಸಬೇಕಾದ ಶಕ್ತಿ ಅದರಿಂದ ಕೆಲವೇ ನಿಮಿಷಗಳಲ್ಲಿ ಹೊಟ್ಟೆ ಸೇರುತ್ತದೆ. ಆಮೇಲೆ ಮೊಲಕ್ಕೆ ಹಸಿವೂ ಇಲ್ಲ, ಕೆಲಸವೂ ಇಲ್ಲ. ಬೆಳ್ಳಿ ಹುಲ್ಲನ್ನು ಮೂಸಿ ಬಿಡುವುದಕ್ಕೂ ಮೂಲೆ ಹಿಡಿದು ಮಲಗುವುದಕ್ಕೂ ಆ ಸದಾ ತುಂಬಿದ ಬಟ್ಟಲೇ ಮುಖ್ಯ ಕಾರಣವಿರಬೇಕು. ಇದರ ಮೇಲೆ ಶಸ್ತ್ರಚಿಕಿತ್ಸೆಯಾದ ಮೊಲಕ್ಕೆ ಬೇಕಾಗುವ ಶಕ್ತಿಯೂ ಮೊದಲಿಗಿಂತ ಕಡಿಮೆ. ಹಾಗೆಂದು ಶಸ್ತ್ರಚಿಕಿತ್ಸೆ ಮಾಡಿಸಿದ್ದಕ್ಕೆ ಪೇಚಾಡಬೇಡಿ. ಅದನ್ನು ಮಾಡಿಸದ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ತೀರಾ ಸಾಮಾನ್ಯ; ನೀವು ಮಾಡಿದ್ದು ಸರಿಯಾದ ಕೆಲಸ. ಅಂದಿನಿಂದಲೇ ಬಟ್ಟಲನ್ನು ಅಳೆದು ತುಂಬಬೇಕು ಎಂದು ನಿಮಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಪಥ್ಯ ಶುರು ಮಾಡುವ ಮುಂಚೆ ಬೆಳ್ಳಿಯ ಮೈಮೇಲೆ ಕೊಬ್ಬು ಎಷ್ಟಿದೆ ಎಂಬುದನ್ನು ನೀವೇ ಕೈಯಾರೆ ಗೊತ್ತು ಮಾಡಿಕೊಳ್ಳಿ. ಮೊಲದ ವಿಷಯದಲ್ಲಿ ಕಣ್ಣನ್ನು ನಂಬುವಂತಿಲ್ಲ. ತುಪ್ಪಳ ಎಲ್ಲವನ್ನೂ ಮುಚ್ಚುತ್ತದೆ. ನೆಲದ ಮೇಲೆ ಕುಳಿತು ಬೆಳ್ಳಿಯನ್ನು ಪಕ್ಕದಲ್ಲಿ ಇರಿಸಿಕೊಳ್ಳಿ. ಎರಡೂ ಅಂಗೈಗಳನ್ನು ಎದೆಯ ಎರಡು ಪಕ್ಕಕ್ಕೆ ಇಟ್ಟು, ಒತ್ತದೆ, ಬೆರಳ ತುದಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ. ಒಂದು ಕೈಯನ್ನು ಚಾಚಿ ಇನ್ನೊಂದು ಕೈಯ ಬೆರಳನ್ನು ಅದರ ಬೆನ್ನ ಮೇಲೆ ಆಡಿಸಿದರೆ ಮೂಳೆಗಳು ಹೇಗೆ ತಾಗುತ್ತವೆಯೋ, ಸರಿಯಾದ ತೂಕದ ಮೊಲದಲ್ಲಿ ಪಕ್ಕೆಲುಬುಗಳು ಹಾಗೆ ತಾಗಬೇಕು: ಇವೆ ಎಂದು ತಿಳಿಯುತ್ತದೆ, ಚುಚ್ಚುವುದಿಲ್ಲ. ಒತ್ತಿ ಹುಡುಕಿದರೆ ಮಾತ್ರ ಸಿಗುವಂತಿದ್ದರೆ ತೂಕ ಹೆಚ್ಚು. ಒತ್ತಿದರೂ ಸಿಗದಿದ್ದರೆ ಬಹಳ ಹೆಚ್ಚು. ಆಮೇಲೆ ಬೆನ್ನೆಲುಬಿನ ಮೇಲೂ ಸೊಂಟದ ಮೂಳೆಗಳ ಮೇಲೂ ಬೆರಳಿಟ್ಟು ನೋಡಿ. ಹಿಂಗಾಲುಗಳ ಮೇಲೆ, ಬಾಲದ ಬುಡದಲ್ಲಿ, ಭುಜದ ಹಿಂದೆ ಕೊಬ್ಬಿನ ಮಡಿಕೆಗಳಿವೆಯೇ ಎಂದೂ ನೋಡಿ. ಗಲ್ಲದ ಕೆಳಗೆ ಜೋಲುವ ಗಂಗೆದೊಗಲನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹೆಣ್ಣು ಮೊಲಗಳಿಗೆ ಅದು ಸಹಜ. ಮುಖ ಅದರಲ್ಲಿ ಹುದುಗಿ, ತಿನ್ನಲು ಅಥವಾ ಮೈ ನೆಕ್ಕಿಕೊಳ್ಳಲು ಅಡ್ಡ ಬರುವಷ್ಟು ದೊಡ್ಡದಾದರೆ ಮಾತ್ರ ಕೊಬ್ಬಿನ ಮಾತು.

ಹೊಟ್ಟೆ ಮಾತ್ರ ಉಬ್ಬಿ, ಬೆನ್ನೆಲುಬು ಚೂಪಾಗಿ ಕೈಗೆ ಸಿಗುತ್ತಿದ್ದರೆ ಅದು ಕೊಬ್ಬಲ್ಲ, ಕಾಯಿಲೆ. ಗಡ್ಡೆ, ನೀರು ತುಂಬುವುದು, ಗಾಳಿ ತುಂಬುವುದು, ಇವುಗಳಲ್ಲಿ ಯಾವುದೂ ಆಗಿರಬಹುದು. ಬೆಳ್ಳಿಗೆ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಗಬ್ಬದ ಪ್ರಶ್ನೆ ಇಲ್ಲ. ಆದರೆ ಇದನ್ನು ಓದುವ ಬೇರೆಯವರು ನೆನಪಿಡಿ: ಮೊಲದ ಗರ್ಭಾವಧಿ ಸುಮಾರು 31 ದಿನ, ಮತ್ತು ಎಳೆಯ ಮೊಲಗಳಲ್ಲಿ ಗಂಡು-ಹೆಣ್ಣು ಗುರುತಿಸುವುದು ಅನುಭವಿಗಳಿಗೂ ತಪ್ಪುತ್ತದೆ. ಜೋಡಿ ಹೆಣ್ಣು ಮೊಲಗಳೆಂದು ತಂದವುಗಳಲ್ಲಿ ಒಂದು ದಪ್ಪವಾಗುತ್ತಿದೆ ಎಂದು ಬಂದವರು ಮರಿಗಳ ಸುದ್ದಿ ಕೇಳಿಕೊಂಡು ಹೋದದ್ದುಂಟು.

ಇನ್ನು ವೈದ್ಯರ ಬಳಿ ಒಮ್ಮೆ ಹೋಗಿ ಬರಲೇಬೇಕಾದ ಕಾರಣ ಒಂದಿದೆ. ಅದು ಹಲ್ಲು. ಮೊಲದ ಹಲ್ಲುಗಳು ಬದುಕಿನುದ್ದಕ್ಕೂ ಬೆಳೆಯುತ್ತವೆ. ಮುಂದಿನ ಬಾಚಿಹಲ್ಲುಗಳು ವಾರಕ್ಕೆ 2ರಿಂದ 3 ಮಿ.ಮೀ.ನಷ್ಟು. ಹುಲ್ಲನ್ನು ದವಡೆ ಅಡ್ಡಡ್ಡ ಆಡಿಸಿ ಅರೆದಾಗ ಅವು ಸವೆಯುತ್ತವೆ. ಪೆಲೆಟ್ ಅನ್ನು ಮೊಲ ಅರೆಯುವುದಿಲ್ಲ, ಕುಟ್ಟಿ ಪುಡಿ ಮಾಡಿ ನುಂಗುತ್ತದೆ. ವರ್ಷಗಟ್ಟಲೆ ಹುಲ್ಲು ಮುಟ್ಟದ ಮೊಲದ ಹಿಂದಿನ ದವಡೆ ಹಲ್ಲುಗಳು ಓರೆಯಾಗಿ ಬೆಳೆದು, ಅಂಚಿನಲ್ಲಿ ಮುಳ್ಳಿನಂತಹ ಮೊನೆ ಮೂಡಿ, ನಾಲಿಗೆಗೋ ಕೆನ್ನೆಯ ಒಳಭಾಗಕ್ಕೋ ಚುಚ್ಚುತ್ತಿರಬಹುದು. ಇದು ಹೊರಗಿನಿಂದ ಕಾಣುವುದಿಲ್ಲ. ವೈದ್ಯರು ಬಾಯೊಳಗೆ ಬೆಳಕಿನ ಉಪಕರಣ ಇಟ್ಟು ನೋಡಬೇಕು. ಹುಲ್ಲನ್ನು ಬಾಯಿಗೆ ತೆಗೆದುಕೊಂಡು ಕೆಳಗೆ ಬೀಳಿಸುವುದು, ಗಲ್ಲ ಒದ್ದೆಯಾಗಿರುವುದು, ಮೆತ್ತನೆಯದನ್ನಷ್ಟೇ ಆರಿಸಿ ತಿನ್ನುವುದು ಇದರ ಲಕ್ಷಣಗಳು. ಹುಲ್ಲು ತಿನ್ನಲಾಗದ ಮೊಲದ ಪೆಲೆಟ್ ಕಡಿತ ಮಾಡಿದರೆ ನಾವು ಬೇಡವೆಂದ ಉಪವಾಸವನ್ನೇ ಬೇರೆ ಹೆಸರಿನಲ್ಲಿ ಮಾಡಿಸಿದಂತೆ. ಆದ್ದರಿಂದ ಹಲ್ಲು ಸರಿಯಿದೆ ಎಂದು ತಿಳಿದ ಮೇಲೆಯೇ ಮುಂದಿನ ಹೆಜ್ಜೆ. ಅದೇ ಭೇಟಿಯಲ್ಲಿ ಕೀಲುಗಳನ್ನೂ ನೋಡಿಸಿ. ಮೂಲೆಯಲ್ಲಿ ಮಲಗುವ ಮೊಲವನ್ನು ನಾವು ಸೋಮಾರಿ ಎನ್ನುತ್ತೇವೆ. ಹಲವು ಸಲ ಅದಕ್ಕೆ ಸೊಂಟವೋ ಮೊಣಕಾಲೋ ನೋಯುತ್ತಿರುತ್ತದೆ.

ಈಗ ಬಟ್ಟಲಿನ ವಿಷಯ. ಬೆಳ್ಳಿ ದಿನಕ್ಕೆ ಎಷ್ಟು ಪೆಲೆಟ್ ತಿನ್ನುತ್ತಿದೆ ಎಂಬುದು ಈಗ ನಿಮಗೆ ಗೊತ್ತಿರಲಾರದು. ಒಂದು ಬೆಳಿಗ್ಗೆ ಬಟ್ಟಲು ತುಂಬುವಾಗ ತೂಗಿ ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ತೂಗಿ ಕಳೆಯಿರಿ. ಮೂರ್ನಾಲ್ಕು ದಿನ ಹೀಗೆ ಮಾಡಿದರೆ ನಿಜವಾದ ಲೆಕ್ಕ ಸಿಗುತ್ತದೆ. ಆರೋಗ್ಯವಂತ ವಯಸ್ಕ ಮೊಲಕ್ಕೆ ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಎಂಬುದು ಸಾಮಾನ್ಯವಾಗಿ ಹೇಳುವ ಮಿತಿ. ಕಿಲೋ ಎಂದಾಗ ಈಗಿನ 2.9 ಅಲ್ಲ, ಇರಬೇಕಾದ 2.1 ಎಂದು ಹಿಡಿಯಬೇಕು. ಆ ಪ್ರಕಾರ 50 ಗ್ರಾಂ ಆಸುಪಾಸು. ತೂಕ ಇಳಿಸಬೇಕಾದ ಮೊಲಕ್ಕೆ ಅದರಲ್ಲಿ ಅರ್ಧ, ಅಂದರೆ ಸುಮಾರು 25 ಗ್ರಾಂ ಸಾಕು. ಕೈಯಲ್ಲಿ ಹಿಡಿದು ನೋಡಿದರೆ ನಿಮಗೆ ಪಾಪ ಅನ್ನಿಸುವಷ್ಟು ಸ್ವಲ್ಪವೇ ಇರುತ್ತದೆ. ಅನ್ನಿಸಲಿ.

ಇವತ್ತೇ 25 ಗ್ರಾಂಗೆ ಇಳಿಸಬೇಡಿ. ಈಗ 90 ಗ್ರಾಂ ತಿನ್ನುತ್ತಿದೆ ಎಂದಿಟ್ಟುಕೊಳ್ಳಿ. ನಾಲ್ಕು ದಿನಕ್ಕೊಮ್ಮೆ 10 ಗ್ರಾಂ ಕಡಿಮೆ ಮಾಡುತ್ತಾ ಬಂದರೆ ಸುಮಾರು ನಾಲ್ಕು ವಾರಗಳಲ್ಲಿ ಆ ಅಳತೆಗೆ ಬರುತ್ತೀರಿ. ಪ್ರತಿ ಸಲ ಇಳಿಸುವ ಮುಂಚೆ ಒಂದೇ ಒಂದು ವಿಷಯ ನೋಡಿ: ಹುಲ್ಲು ಹೋಗುತ್ತಿದೆಯೇ, ಹಿಕ್ಕೆ ಚೆನ್ನಾಗಿ ಬೀಳುತ್ತಿದೆಯೇ? ಆರೋಗ್ಯವಂತ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ಎಣಿಸಲು ಹೋಗಬೇಡಿ, ನೋಟಕ್ಕೆ ಅಭ್ಯಾಸವಾಗುತ್ತದೆ. ಹುಲ್ಲು ಹೆಚ್ಚಿದಂತೆ ಹಿಕ್ಕೆ ದೊಡ್ಡದಾಗಿ, ದುಂಡಗೆ, ಬಣ್ಣ ತಿಳಿಯಾಗಿ, ಬೆರಳಲ್ಲಿ ಒತ್ತಿದರೆ ಒಣ ಹುಲ್ಲಿನ ಪುಡಿಯಾಗಿ ಉದುರುತ್ತದೆ. ಸಣ್ಣದಾಗಿ, ಕಪ್ಪಾಗಿ, ಗಟ್ಟಿಯಾಗಿ, ಸಂಖ್ಯೆಯಲ್ಲಿ ಕಡಿಮೆಯಾದರೆ ಅಲ್ಲೇ ನಿಲ್ಲಿ. ಹಿಂದಿನ ಅಳತೆಗೆ ಮರಳಿ, ವೈದ್ಯರನ್ನು ಕೇಳಿ.

ಪೆಲೆಟ್ ಚೀಲದ ಹಿಂಬದಿಯನ್ನೂ ಓದಿ. ನಾರಿನಂಶ ಶೇ 20ಕ್ಕಿಂತ ಹೆಚ್ಚು, ಪ್ರೋಟೀನ್ ಶೇ 12ರಿಂದ 15ರೊಳಗೆ, ಕೊಬ್ಬು ಶೇ 3ರ ಆಸುಪಾಸಿನಲ್ಲಿ ಅಥವಾ ಕಡಿಮೆ ಇರಲಿ. ಕಾಳು, ಬಣ್ಣದ ಬಿಲ್ಲೆ, ಒಣಹಣ್ಣು ಬೆರೆತ ಮಿಶ್ರಣಗಳನ್ನು ಮನೆಯೊಳಗೆ ತರಲೇಬೇಡಿ. ಮೊಲ ಸಿಹಿಯದನ್ನೂ ಪಿಷ್ಟದ್ದನ್ನೂ ಆರಿಸಿ ತಿಂದು ನಾರಿರುವುದನ್ನು ಬಟ್ಟಲಲ್ಲೇ ಬಿಡುತ್ತದೆ. ಲೂಸರ್ನ್, ಅಂದರೆ ಕುದುರೆ ಮಸಾಲೆ ಸೊಪ್ಪಿನಿಂದ ಮಾಡಿದ ಪೆಲೆಟ್ ಬೆಳೆಯುವ ಮರಿಗಳಿಗೆ ಸರಿ. ಬೆಳ್ಳಿಯಂತಹ ವಯಸ್ಕ ಮೊಲಕ್ಕೆ ಅದರಲ್ಲಿ ಪ್ರೋಟೀನೂ ಕ್ಯಾಲ್ಸಿಯಮ್ಮೂ ಅತಿಯಾಗುತ್ತವೆ. ಮೊಲದ ದೇಹ ಆಹಾರದಲ್ಲಿ ಬಂದ ಕ್ಯಾಲ್ಸಿಯಂ ಅನ್ನು ಬೇಕಿರಲಿ ಬೇಡದಿರಲಿ ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ನೀರು ಕಡಿಮೆ ಕುಡಿಯುವ, ಓಡಾಡದ ದಪ್ಪ ಮೊಲದ ಮೂತ್ರಕೋಶದಲ್ಲಿ ಅದು ಕೆಸರಾಗಿ ತಳ ಹಿಡಿಯುತ್ತದೆ. ನೀರನ್ನು ಬಾಟಲಿಗಿಂತ ಅಗಲವಾದ ಭಾರದ ಬಟ್ಟಲಲ್ಲಿ ಇಟ್ಟರೆ ಮೊಲಗಳು ಹೆಚ್ಚು ಕುಡಿಯುತ್ತವೆ. ಈ ಬದಲಾವಣೆಯನ್ನು ಇವತ್ತೇ ಮಾಡಬಹುದು.

ಹುಲ್ಲು ತಿನ್ನಿಸುವುದೇ ಈ ಇಡೀ ಕೆಲಸದ ಕಷ್ಟದ ಭಾಗ. ಇಲ್ಲಿ ಸ್ವಲ್ಪ ನಿಧಾನಿಸಿ ಹೇಳುತ್ತೇನೆ. ತಿಮೋಥಿ, ಗರಿಕೆ, ಹುಲ್ಲುಗಾವಲಿನ ಮಿಶ್ರ ಹುಲ್ಲು, ಯಾವುದಾದರೂ ಸರಿ. ಅದು ಹುಲ್ಲಿನ ಜಾತಿಯದಾಗಿರಬೇಕು, ಬೇಳೆಕಾಳಿನ ಜಾತಿಯದಲ್ಲ. ಬತ್ತದ ಹುಲ್ಲೋ ಗೋಧಿಯ ಹುಲ್ಲೋ ಬರಿಯ ಕಡ್ಡಿ. ಹಾಸಲು ಸರಿ, ಊಟಕ್ಕೆ ಸಾಲದು. ಕೊಂಡ ಹುಲ್ಲನ್ನು ಒಂದು ಹಿಡಿ ಎತ್ತಿ ಮೂಗಿನ ಬಳಿ ಹಿಡಿಯಿರಿ. ಹಸಿರು ಛಾಯೆ ಉಳಿದಿರಬೇಕು, ಸಿಹಿಯಾದ ಹುಲ್ಲಿನ ಪರಿಮಳ ಬರಬೇಕು. ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ದೂಳೆದ್ದರೆ, ನಿಮಗೆ ಸೀನು ಬಂದರೆ ಅದು ಮೊಲಕ್ಕೂ ಬೇಡ. ಮೊಲ ಹುಲ್ಲನ್ನು ತಿರಸ್ಕರಿಸಿತು ಎಂದು ದೂರುವ ಮನೆಗಳಲ್ಲಿ ನಾನು ಮೊದಲು ಆ ಹುಲ್ಲನ್ನೇ ತರಿಸಿ ಮೂಸುತ್ತೇನೆ. ತಪ್ಪು ಎಷ್ಟೋ ಸಲ ಮೊಲದ್ದಾಗಿರುವುದಿಲ್ಲ.

ಎಲ್ಲಿ ಹಾಕುತ್ತೀರಿ ಎಂಬುದೂ ಮುಖ್ಯ. ಮೊಲಗಳಿಗೆ ಹಿಕ್ಕೆ ಹಾಕುತ್ತಲೇ ಮೇಯುವ ಅಭ್ಯಾಸ. ಆದ್ದರಿಂದ ಹುಲ್ಲನ್ನು ಅದರ ಶೌಚದ ಟ್ರೇಯ ಒಂದು ತುದಿಯಲ್ಲಿ, ಅಲ್ಲಿ ಕುಳಿತಾಗ ಬಾಯಿಗೆ ಎಟುಕುವಂತೆ, ಧಾರಾಳವಾಗಿ ತುಂಬಿ. ಜಾಲರಿಯ ಚಿಕ್ಕ ಬುಟ್ಟಿಯಲ್ಲಿ ಬಿಗಿದು ತುರುಕಿದ ಹುಲ್ಲನ್ನು ಎಳೆಯಲು ಮೊಲ ಬೇಸರಪಟ್ಟುಕೊಳ್ಳುತ್ತದೆ. ಬೆಳ್ಳಿಯ ಮೈಗಾತ್ರದ ರಾಶಿ ಹಾಕಿ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಮೇಲೊಂದಿಷ್ಟು ಹೊಸದು ಸೇರಿಸಿ. ಹಳೆಯ ರಾಶಿಯನ್ನೇ ಕೈಯಲ್ಲಿ ಕೆದಕಿ ಮೇಲೆ ಕೆಳಗೆ ಮಾಡಿದರೂ ಎದ್ದು ಬಂದು ನೋಡುತ್ತದೆ. ಮೊದಲ ವಾರ ಅರ್ಧ ಪೆಲೆಟ್‌ಗಳನ್ನು ಹುಲ್ಲಿನೊಳಗೆ ಚೆದುರಿಸಿ. ಹುಡುಕುವ ನೆಪದಲ್ಲಿ ಮೂತಿ ಹುಲ್ಲಿಗೆ ಹೋಗುತ್ತದೆ. ಪುದೀನ ಅಥವಾ ಕೊತ್ತಂಬರಿ ಸೊಪ್ಪನ್ನು ಒಂದೆರಡು ಗಂಟೆ ಹುಲ್ಲಿನಲ್ಲಿ ಹುದುಗಿಸಿಟ್ಟರೆ ವಾಸನೆ ಹಿಡಿಯುತ್ತದೆ. ಎರಡು ಬಗೆಯ ಹುಲ್ಲು ಬೆರೆಸಿಯೂ ನೋಡಿ. ಬೆಳ್ಳಿ ಮೊದಲು ಎಲೆಯ ಭಾಗವನ್ನಷ್ಟೇ ಆರಿಸಿಕೊಳ್ಳುತ್ತದೆ. ಒಂದು ದಿನ ಉದ್ದನೆಯ ಕಾಂಡವೊಂದನ್ನು ತುದಿಯಲ್ಲಿ ಹಿಡಿದು, ದವಡೆ ಅಡ್ಡಕ್ಕೆ ಆಡಿಸುತ್ತಾ, ಕಾಂಡ ಸ್ವಲ್ಪಸ್ವಲ್ಪವಾಗಿ ಬಾಯೊಳಗೆ ಸರಿದು ಮಾಯವಾಗುವುದನ್ನು ನೀವು ನೋಡುತ್ತೀರಿ. ಪೆಲೆಟ್ ಕಡಿತವನ್ನು ಅಲ್ಲಿಂದ ಮುಂದೆ ಧೈರ್ಯವಾಗಿ ಮಾಡಬಹುದು.

ಬಾಳೆಹಣ್ಣು ಪೂರ್ತಿ ನಿಲ್ಲಲಿ. ಅದರ ನೂರು ಗ್ರಾಂನಲ್ಲಿ ಸುಮಾರು 12 ಗ್ರಾಂ ಸಕ್ಕರೆ ಇರುತ್ತದೆ. ಎರಡು ಕಿಲೋ ಪ್ರಾಣಿಗೆ ದಿನವೂ ಅಷ್ಟು ಸಿಹಿ ಏತಕ್ಕೆ? ಕ್ಯಾರೆಟ್‌ನಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಇದ್ದರೂ ದಿನಕ್ಕೊಂದು ಇಡೀ ಕ್ಯಾರೆಟ್ ಹೆಚ್ಚೇ. ಚಿತ್ರಪುಸ್ತಕದ ಮೊಲದ ಕೈಯಲ್ಲಿ ತಪ್ಪದೆ ಒಂದು ಕ್ಯಾರೆಟ್ ಇಟ್ಟವರು ಮೊಲಗಳಿಗೆ ಒಳ್ಳೆಯದು ಮಾಡಲಿಲ್ಲ. ಬಿಲ್ಲೆಯಷ್ಟು ತೆಳುವಾದ ಒಂದು ಹೋಳನ್ನು, ಪಂಜರಕ್ಕೆ ಕರೆಯುವಾಗ ಅಥವಾ ಉಗುರು ಕತ್ತರಿಸಿದ ಮೇಲೆ ಸಮಾಧಾನಕ್ಕೆಂದು ಇಟ್ಟುಕೊಳ್ಳಿ. ಕ್ಯಾರೆಟ್‌ನ ಸೊಪ್ಪು ಮಾತ್ರ ಬೇಕಾದಷ್ಟು ಒಳ್ಳೆಯದು. ಹಸಿರು ಸೊಪ್ಪುಗಳಿಂದ ಮೊಲ ದಪ್ಪವಾಗುವುದಿಲ್ಲ; ಪೆಲೆಟ್ ಇಳಿದಂತೆ ದಿನಕ್ಕೆ ಎರಡು ಹಿಡಿಯವರೆಗೆ ಕೊಡಬಹುದು. ಒಂದು ಸಲಕ್ಕೆ ಒಂದೇ ಹೊಸ ಸೊಪ್ಪು, ಎರಡು ದಿನ ಹಿಕ್ಕೆ ನೋಡಿ ಮುಂದಿನದು. ಪಾಲಕ್ ದಿನವೂ ಬೇಡ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹಾಗೂ ಟೊಮೆಟೊ ಗಿಡದ ಎಲೆ, ಬೆಣ್ಣೆಹಣ್ಣು ಎಂದಿಗೂ ಬೇಡ. ಬ್ರೆಡ್, ಬಿಸ್ಕತ್ತುಗಳ ಬಗ್ಗೆ ನೀವು ಬರೆದಿಲ್ಲ, ಇಲ್ಲವೆಂದೇ ಅಂದುಕೊಳ್ಳುತ್ತೇನೆ.

ಹಿಂಭಾಗಕ್ಕೆ ಅಂಟಿಕೊಳ್ಳುತ್ತಿರುವುದನ್ನು ನೀವು ಭೇದಿ ಎಂದುಕೊಂಡಿರಬಹುದು. ಬಹುಮಟ್ಟಿಗೆ ಅದು ಭೇದಿಯಲ್ಲ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒರಟು ನಾರು ಒಣ ಗುಂಡುಗಳಾಗಿ ಹೊರಬೀಳುತ್ತದೆ. ನುಣುಪಾದ ಭಾಗ ಹಿಂದಕ್ಕೆ ತಿರುಗಿ ಸೀಕಮ್ ಎಂಬ ದೊಡ್ಡ ಚೀಲ ಸೇರುತ್ತದೆ. ಜೀರ್ಣಾಂಗದ ಒಟ್ಟು ಗಾತ್ರದಲ್ಲಿ ಸುಮಾರು ಶೇ 40 ಅದೊಂದೇ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಪ್ರೋಟೀನ್, ಬಿ ಜೀವಸತ್ವಗಳನ್ನು ಮಾಡುತ್ತವೆ. ಹೀಗೆ ತಯಾರಾದದ್ದು ಮೆತ್ತನೆಯ, ಹೊಳಪಿನ, ಪುಟ್ಟ ದ್ರಾಕ್ಷಿ ಗೊಂಚಲಿನ ಆಕಾರದಲ್ಲಿ ಹೊರಬರುತ್ತದೆ. ಮೊಲ ಬಾಗಿ, ಗುದದಿಂದಲೇ ನೇರವಾಗಿ ಅದನ್ನು ತಿಂದುಬಿಡುತ್ತದೆ. ಸರಿಯಿರುವ ಮೊಲದ ಮನೆಯಲ್ಲಿ ನೀವು ಅದನ್ನು ಕಾಣುವುದೇ ಇಲ್ಲ. ಬೆಳ್ಳಿಯ ಹೊಟ್ಟೆ ಅಡ್ಡ ಬರುವುದರಿಂದ ಬಾಯಿ ಅಲ್ಲಿಗೆ ಎಟುಕುತ್ತಿಲ್ಲ. ಆಹಾರದಲ್ಲಿ ಸಾರ ಹೆಚ್ಚಿರುವುದರಿಂದ ಮೆತ್ತನೆಯ ಹಿಕ್ಕೆ ಅಗತ್ಯಕ್ಕಿಂತ ಹೆಚ್ಚೂ ತಯಾರಾಗುತ್ತಿರಬೇಕು. ಹುಲ್ಲು ಹೆಚ್ಚಿ ಪೆಲೆಟ್ ಇಳಿದರೆ ಎರಡನೆಯ ಕಾರಣ ಕೆಲವೇ ವಾರಗಳಲ್ಲಿ ಹೋಗುತ್ತದೆ, ಮೊದಲನೆಯದು ತೂಕದ ಜೊತೆಗೆ.

ಅಲ್ಲಿಯವರೆಗೆ ಅದರ ಕೆಲಸ ನಿಮ್ಮದು. ದಿನಕ್ಕೆ ಎರಡು ಸಲ ಬಾಲ ಎತ್ತಿ ನೋಡಿ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಂಟಿದ ಜಾಗದ ಮೇಲೆ ಸ್ವಲ್ಪ ಹೊತ್ತು ಇಟ್ಟು, ಮೆತ್ತಗಾದ ಮೇಲೆ ಒರೆಸಿ, ತುಪ್ಪಳದ ಬುಡದವರೆಗೆ ಒಣಗಿಸಿ. ಒಣಗಿದ್ದನ್ನು ಕಿತ್ತರೆ ಚರ್ಮವೇ ಬರುತ್ತದೆ, ಅಷ್ಟು ತೆಳು. ಕತ್ತರಿ ಬೇಡ. ಇಡೀ ಮೊಲಕ್ಕೆ ಸ್ನಾನವಂತೂ ಖಂಡಿತ ಬೇಡ. ಹೆದರಿಕೆ ಮತ್ತು ಚಳಿ ಎರಡೂ ಮೊಲಕ್ಕೆ ಕೆಟ್ಟದ್ದು. ಮೊಲವನ್ನು ಅಂಗಾತ ಮಲಗಿಸಬೇಡಿ. ಹಾಗೆ ಮಲಗಿಸಿದಾಗ ಅದು ಅಲುಗದೆ ಇರುವುದು ನೆಮ್ಮದಿಯಿಂದಲ್ಲ, ಭಯದಿಂದ ಮರಗಟ್ಟಿ. ಒದ್ದುಕೊಂಡರೆ ಬೆನ್ನೆಲುಬು ಮುರಿಯಬಹುದು. ನೊಣಗಳಿರುವ ಕಾಲದಲ್ಲಿ ಈ ಜಾಗ ಇನ್ನೂ ಅಪಾಯದ್ದು. ಕೊಳಕಾದ ತುಪ್ಪಳದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳುಗಳಾಗಿ ಜೀವಂತ ಚರ್ಮವನ್ನು ತಿನ್ನತೊಡಗುತ್ತವೆ. ಒಂದೇ ಒಂದು ಹುಳು ಕಂಡರೂ ಸಂಜೆಯವರೆಗೆ ಕಾಯಬೇಡಿ, ಆಗಲೇ ಹೊರಡಿ.

ಓಡಾಟದ ಬಗ್ಗೆ ಜನ ನಿರೀಕ್ಷಿಸುವಷ್ಟು ಹೇಳಲು ನನ್ನಲ್ಲಿಲ್ಲ. ತೂಕ ಇಳಿಯುವುದು ಹೆಚ್ಚಾಗಿ ಆಹಾರದಿಂದ. ಓಟದಿಂದ ಸ್ನಾಯು, ಕೀಲು, ಕರುಳು ಚುರುಕಾಗುತ್ತವೆ. ಆದರೂ ಪಂಜರದ ಬಾಗಿಲು ತೆರೆದಿರಬೇಕು. ಒಂದು ಜೋಡಿ ಮೊಲಕ್ಕೆ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಸದಾ ಸಿಗಬೇಕೆಂದು ಮೊಲಗಳ ಹಿತ ಬಲ್ಲವರು ಹೇಳುತ್ತಾರೆ. ಬೆಳ್ಳಿ ಮೂಲೆ ಬಿಟ್ಟು ಬರದಿರಲು ನೆಲವೂ ಕಾರಣವಿರಬಹುದು. ಮೊಲದ ಪಾದದಲ್ಲಿ ನಾಯಿ, ಬೆಕ್ಕುಗಳಿಗಿರುವ ಮೆತ್ತೆಗಳಿಲ್ಲ, ಬರಿಯ ತುಪ್ಪಳ. ನುಣುಪಾದ ಟೈಲ್ಸ್ ಮೇಲೆ ಅದು ಜಾರುತ್ತದೆ, ಜಾರುವ ನೆಲದ ಮೇಲೆ ಹೆಜ್ಜೆ ಇಡಲು ಹೆದರುತ್ತದೆ. ಚಾಪೆಯನ್ನೋ ಜಮಖಾನೆಯನ್ನೋ ಮೂಲೆಯಿಂದ ಕೋಣೆಯ ಆಚೆ ತುದಿಯವರೆಗೆ ಹಾಸಿ ನೋಡಿ. ಹಾಗೆಯೇ ಹಿಂಗಾಲಿನ ಹಿಮ್ಮಡಿ ತಿರುಗಿಸಿ ನೋಡಿ: ತುಪ್ಪಳ ಸವೆದು ಕೆಂಪಗಾಗಿದ್ದರೆ, ಹುಣ್ಣಾಗಿದ್ದರೆ ಭಾರವೆಲ್ಲ ಅಲ್ಲಿ ಬೀಳುತ್ತಿದೆ ಎಂದರ್ಥ, ಅದಕ್ಕೆ ಚಿಕಿತ್ಸೆ ಬೇಕು. ತಂತಿ ತಳದ ಪಂಜರವಾದರೆ ಇವತ್ತೇ ಬದಲಿಸಿ.

ಮೊಲವನ್ನು ಅಟ್ಟಿಸಿಕೊಂಡು ಹೋಗಿ ವ್ಯಾಯಾಮ ಮಾಡಿಸಬೇಡಿ. ಬೇಟೆಗೆ ಈಡಾಗುವ ಪ್ರಾಣಿಗೆ ಅದು ಆಟವೆನಿಸುವುದಿಲ್ಲ. ಮುಂಜಾನೆ ಮತ್ತು ಮುಸ್ಸಂಜೆ ಮೊಲಗಳು ತಾವಾಗಿಯೇ ಚುರುಕಾಗುವ ಹೊತ್ತು. ಆ ಹೊತ್ತಿಗೆ ದಿನದ 25 ಗ್ರಾಂ ಪೆಲೆಟ್ ಅನ್ನು ಬಟ್ಟಲಿಗೆ ಹಾಕುವ ಬದಲು ಕೋಣೆಯ ತುಂಬ ಎರಚಿ. ಎರಡು ಬಾಗಿಲು ಕೊರೆದ ರಟ್ಟಿನ ಪೆಟ್ಟಿಗೆ, ಗೇಣುದ್ದ ಎತ್ತರದ ಗಟ್ಟಿ ಮೆಟ್ಟಿಲು, ಹುಲ್ಲು ತುರುಕಿದ ರಟ್ಟಿನ ಕೊಳವೆ ಇಷ್ಟಿದ್ದರೆ ಸಾಕು.

ತೂಕವನ್ನು ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿನಲ್ಲಿ, ಪೆಲೆಟ್ ಕೊಡುವ ಮುಂಚೆ ನೋಡಿ. ಮನುಷ್ಯರು ನಿಲ್ಲುವ ತೂಕದ ಯಂತ್ರ ಇದಕ್ಕೆ ಬಾರದು. ನಾವು ಹುಡುಕುತ್ತಿರುವುದು ಇಪ್ಪತ್ತು ಮೂವತ್ತು ಗ್ರಾಂಗಳ ವ್ಯತ್ಯಾಸವನ್ನು. ಐದು ಕಿಲೋವರೆಗೆ ತೂಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಪೆಟ್ಟಿಗೆ ಇಟ್ಟು, ಸೊನ್ನೆಗೆ ತಂದು, ಬೆಳ್ಳಿಯನ್ನು ಅದರಲ್ಲಿ ಕೂರಿಸಿ. ವಾರಕ್ಕೆ ದೇಹತೂಕದ ಶೇ 1ರಷ್ಟು ಇಳಿದರೆ ಹಿತ. ಬೆಳ್ಳಿಗೆ ಅದು 25ರಿಂದ 30 ಗ್ರಾಂ. ಮೂತ್ರ, ಹೊಟ್ಟೆಯಲ್ಲಿರುವ ಆಹಾರ ಸೇರಿ ದಿನದಿಂದ ದಿನಕ್ಕೆ ಅಷ್ಟೇ ಏರುಪೇರು ಇರುವುದರಿಂದ ಒಂದು ವಾರದ ಅಂಕಿಗೆ ಹಿಗ್ಗಲೂ ಬೇಡಿ, ಕುಗ್ಗಲೂ ಬೇಡಿ. ಮೂರು ವಾರದ್ದನ್ನು ಒಟ್ಟಿಗೆ ಇಟ್ಟು ನೋಡಿ. ವಾರಕ್ಕೆ 60 ಗ್ರಾಂ ಮೀರಿ ಇಳಿಯುತ್ತಿದ್ದರೆ ವೇಗ ಹೆಚ್ಚಾಯಿತು, ಪೆಲೆಟ್ ಸ್ವಲ್ಪ ಏರಿಸಿ. ಗುರಿ 2.1ರಿಂದ 2.2 ಕೆ.ಜಿ. ಎಂದು ಇಟ್ಟುಕೊಂಡರೆ ಆರೇಳು ತಿಂಗಳ ಕೆಲಸ ಇದು. ತಳಿಗಳ ತೂಕದ ಪಟ್ಟಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಿಲೋದ ಕುಬ್ಜ ಮೊಲವೂ ಆರು ಕಿಲೋದ ದೈತ್ಯ ಮೊಲವೂ ಇವೆ. ಬೆಳ್ಳಿ ಬೆಳೆದು ನಿಂತ ವಯಸ್ಸಿನಲ್ಲಿ ಎಷ್ಟಿತ್ತು ಎಂಬ ನಿಮ್ಮ ಹಳೆಯ ದಾಖಲೆಗಿಂತ ಒಳ್ಳೆಯ ಅಳತೆ ಇಲ್ಲ.

ತಿಂಗಳು ಕಳೆದರೂ ಅಂಕಿ ಅಲುಗದಿದ್ದರೆ ಮೊದಲು ಮನೆಯವರನ್ನು ವಿಚಾರಿಸಿ. ಗುಟ್ಟಾಗಿ ಒಂದು ತುಂಡು ಹಣ್ಣು ಕೊಡುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಮತ್ತು ಅವರು ಸಾಮಾನ್ಯವಾಗಿ ಮಕ್ಕಳಾಗಿರುವುದಿಲ್ಲ. ಜಗಳ ಬೇಡ. ದಿನದ ಪೆಲೆಟ್ ಅನ್ನು ಬೆಳಿಗ್ಗೆಯೇ ತೂಗಿ ಒಂದು ಡಬ್ಬಿಗೆ ಹಾಕಿಡಿ; ಯಾರಿಗೆ ಕೊಡಬೇಕೆನಿಸಿದರೂ ಆ ಡಬ್ಬಿಯಿಂದಲೇ ಕೊಡಲಿ, ಡಬ್ಬಿ ಖಾಲಿಯಾದರೆ ಸೊಪ್ಪು. ಬೆಳ್ಳಿ ಎದ್ದು ನಿಂತು ಪಂಜರದ ಸರಳು ಕಚ್ಚಿ ಬೇಡುತ್ತದೆ. ಎದುರಿಗೆ ಹುಲ್ಲಿನ ರಾಶಿ ಇರುವಾಗ ಅದು ಹಸಿವಲ್ಲ, ಹಟ.

ಆದರೆ ಬೇಡುವುದನ್ನೇ ಬಿಟ್ಟು ಬೆಳ್ಳಿ ಮುದುಡಿ ಕುಳಿತರೆ, ಹಲ್ಲು ಕಡಿಯುತ್ತಿದ್ದರೆ, ಕಿವಿ ತಣ್ಣಗಾಗಿದ್ದರೆ, ಹಿಕ್ಕೆ ನಿಂತಿದ್ದರೆ, ಹತ್ತು-ಹನ್ನೆರಡು ಗಂಟೆಯಿಂದ ಏನನ್ನೂ ಮುಟ್ಟದಿದ್ದರೆ ಪಥ್ಯದ ಲೆಕ್ಕವನ್ನೆಲ್ಲ ಪಕ್ಕಕ್ಕಿಡಿ. ಅದು ತುರ್ತು ಸ್ಥಿತಿ. ರಾತ್ರಿಯಾದರೂ ವೈದ್ಯರನ್ನು ಹುಡುಕಿ.

ಗುರಿ ಮುಟ್ಟಿದ ಮೇಲೆ ಪೆಲೆಟ್ ಅನ್ನು 35ರಿಂದ 40 ಗ್ರಾಂಗೆ ನಿಧಾನವಾಗಿ ಏರಿಸಿ, ತೂಕವನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು. ಹಲ್ಲು ನೋಡಿಸಲು ಹೋಗುವಾಗ ಪೆಲೆಟ್ ಚೀಲದ ಹಿಂಬದಿಯ ಫೋಟೋ, ತೂಕ ಬರೆದ ಚೀಟಿ, ಆ ದಿನದ ಒಂದಿಷ್ಟು ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ. ಪರೀಕ್ಷೆಗೆ ಅರಿವಳಿಕೆ ಕೊಡಬೇಕಾಗಬಹುದು ಎಂದು ಯಾರಾದರೂ ಹಿಂದಿನ ರಾತ್ರಿಯಿಂದ ಉಪವಾಸ ಇಡಲು ಹೇಳಿದರೆ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ: ಮೊಲ ವಾಂತಿ ಮಾಡಲಾರದ ಪ್ರಾಣಿ, ಆ ನಿಯಮ ನಾಯಿ-ಬೆಕ್ಕುಗಳದ್ದು. ಬುಟ್ಟಿಯಲ್ಲಿ ದಾರಿಗೂ ಸೇರಿಸಿ ಹುಲ್ಲು ಇಟ್ಟುಕೊಳ್ಳಿ.